ಒಂದೇ ಬಾದಾಮಿ ಮರಕ್ಕೆ ಜಾಗವಿದ್ದರೆ

ಹಿತ್ತಿಲ ಪ್ರಶ್ನೋತ್ತರ

ಡಿಸೆಂಬರ್ ಬಂತೆಂದರೆ ಕ್ಯಾಲಿಫೋರ್ನಿಯಾದ ಓದುಗರಿಂದ ಬಾದಾಮಿಯ ಪ್ರಶ್ನೆಗಳು ಶುರುವಾಗುತ್ತವೆ. ಜನವರಿಯಲ್ಲಿ ಇಲ್ಲಿನ ನರ್ಸರಿಗಳಿಗೆ ಮಣ್ಣಿಲ್ಲದ, ಬರೀ ಬೇರಿನ ಕಸಿ ಗಿಡಗಳು ಬರುತ್ತವೆ. ಅಷ್ಟರೊಳಗೆ ಯಾವ ಗಿಡ ಅಂತ ತೀರ್ಮಾನ ಆಗಿರಬೇಕಲ್ವಾ? ಈ ಸಲ ಬೆಂಗಳೂರು, ಕುಂದಾಪುರ, ಅಡಿಲೇಡ್‌ನಿಂದಲೂ ಕೇಳಿದ್ದಾರೆ. ಹಾಗಾಗಿ ಇಡೀ ಅಂಕಣ ಬಾದಾಮಿಗೇ ಬಿಟ್ಟಿದ್ದೇನೆ. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು. ಈಗ ಇರುವುದು ಮೊಡೆಸ್ಟೊ ಪಕ್ಕ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಬಾದಾಮಿ ತೋಟಗಳೇ. ನಮ್ಮ ಹಿತ್ತಿಲಲ್ಲೂ ಒಂದು ಮರವಿದೆ.

ಟ್ರೇಸಿಯಲ್ಲಿ ಹೊಸ ಮನೆ ತಗೊಂಡಿದ್ದೇವೆ ಮೇಡಂ. ಹಿತ್ತಿಲಲ್ಲಿ ಒಂದೇ ಒಂದು ಮರಕ್ಕೆ ಜಾಗವಿದೆ, ಸುಮಾರು 18 ಅಡಿ ಅಗಲ. ನರ್ಸರಿಯವರು ನಾನ್‌ಪರೆಲ್ ತಗೊಳ್ಳಿ, ಅದೇ ಬೆಸ್ಟ್ ಅಂದರು. ತಗೊಳ್ಳಬಹುದಾ?
— ಆರ್. ಎಸ್., ಟ್ರೇಸಿ

ನಾನ್‌ಪರೆಲ್ ಒಳ್ಳೆಯ ತಳಿ, ಎರಡು ಮಾತಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಸುಯಿಸುನ್ ಹತ್ತಿರ ಎ. ಟಿ. ಹ್ಯಾಚ್ ಎಂಬ ಬೆಳೆಗಾರರು ಆರಿಸಿದ್ದು. ಇವತ್ತಿಗೂ ಕ್ಯಾಲಿಫೋರ್ನಿಯಾದ ಮುಖ್ಯ ತಳಿ ಅದೇ. ಚಿಪ್ಪು ಕೈಯಲ್ಲೇ ಒಡೆಯುತ್ತೆ, ತಿರುಳು ಚೆನ್ನಾಗಿರುತ್ತೆ. ಆದರೆ ನಿಮ್ಮ ಹಿತ್ತಿಲಿಗೆ ಅದು ಬೇಡ. ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಮರ ಅದಲ್ಲ. ಎರಡು ನಾನ್‌ಪರೆಲ್ ನೆಟ್ಟರೂ ಪ್ರಯೋಜನವಿಲ್ಲ. ಕಸಿಯಿಂದ ಬಂದ ಮರಗಳೆಲ್ಲ ಮೂಲದಲ್ಲಿ ಒಂದೇ ಮರ, ಒಂದರ ಪರಾಗ ಇನ್ನೊಂದಕ್ಕೆ ಹಿಡಿಯುವುದಿಲ್ಲ. ಫೆಬ್ರವರಿಯಲ್ಲಿ ಹೈವೇ 99ರಲ್ಲಿ ಹೋಗುವಾಗ ತೋಟಗಳನ್ನು ಗಮನಿಸಿ ನೋಡಿ. ಒಂದು ಸಾಲು ಪೂರ್ತಿ ಅರಳಿರುತ್ತೆ, ಪಕ್ಕದ ಸಾಲು ಇನ್ನೂ ಅರೆಮೊಗ್ಗು. ಪರಾಗಕ್ಕಾಗಿಯೇ ಕಾರ್ಮೆಲ್, ಮಾಂಟೆರೆ, ಆಲ್ಡ್ರಿಚ್‌ನಂಥ ಬೇರೆ ತಳಿಗಳನ್ನು ಸಾಲು ಬಿಟ್ಟು ಸಾಲು ಹಾಕಿರುತ್ತಾರೆ. ನಿಮಗೆ ಅಷ್ಟು ಜಾಗವಿಲ್ಲ. ಪಕ್ಕದ ಮನೆಯಲ್ಲಿ ಬೇರೆ ತಳಿಯ ಮರ ಇದ್ದರೂ ಅದನ್ನು ನೆಚ್ಚಿಕೊಂಡು ನೆಡಬೇಡಿ. ಅವರು ನಾಳೆ ಕಡಿಸಿದರೆ ನಿಮ್ಮ ಮರ ಹೂವಿಗಷ್ಟೇ ಸರಿ.

ಒಂದೇ ಮರವಾದರೆ ಸ್ವಂತ ಪರಾಗಕ್ಕೇ ಕಾಯಿ ಕಟ್ಟುವ ತಳಿ ಬೇಕು. ಇಲ್ಲಿ ಮನೆಯವರಿಗೆ ಸುಲಭವಾಗಿ ಸಿಗುವವು ಮೂರು. ಆಲ್-ಇನ್-ಒನ್, ಗಾರ್ಡನ್ ಪ್ರಿನ್ಸ್, ಇಂಡಿಪೆಂಡೆನ್ಸ್. ಮೂರೂ ನಮ್ಮ ಮೊಡೆಸ್ಟೊದ ಜೈಗರ್ ಕುಟುಂಬದವರ ತಳಿಗಳು. ಇಂಡಿಪೆಂಡೆನ್ಸ್ ಈಗ ದೊಡ್ಡ ತೋಟಗಳಿಗೂ ಹೋಗಿದೆ, ಮರವೂ ದೊಡ್ಡದು. ಗಾರ್ಡನ್ ಪ್ರಿನ್ಸ್ ಹುಟ್ಟು ಕುಳ್ಳ, ಹತ್ತು ಹನ್ನೆರಡು ಅಡಿಗೆ ನಿಲ್ಲುತ್ತೆ, ದೊಡ್ಡ ಟಬ್‌ನಲ್ಲೂ ಬೆಳೆಯುತ್ತೆ. ಸುಮಾರು 250 ಗಂಟೆ ಚಳಿ ಸಿಕ್ಕರೂ ಅದಕ್ಕೆ ಸಾಕು. ಆಲ್-ಇನ್-ಒನ್ ಹದಿನೈದು ಅಡಿಯ ಆಸುಪಾಸು, ಇದಕ್ಕೆ 400ರಿಂದ 500 ಗಂಟೆ ಚಳಿ ಬೇಕು. ಚಳಿಯ ಲೆಕ್ಕ ಅಂದರೆ ಮರ ಎಲೆ ಉದುರಿಸಿ ಮಲಗಿರುವ ಕಾಲದಲ್ಲಿ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವ ಗಂಟೆಗಳ ಮೊತ್ತ. ಟ್ರೇಸಿಯ ಚಳಿಗಾಲ ಅಷ್ಟು ಕೊಡುತ್ತೆ. ನಿಮ್ಮ 18 ಅಡಿಗೆ ನಾನು ಹೇಳುವುದು ಆಲ್-ಇನ್-ಒನ್. ನಮ್ಮ ಹಿತ್ತಿಲಲ್ಲಿರುವುದೂ ಅದೇ, ರುಚಿಗೆ ಏನೂ ಕೊರತೆಯಿಲ್ಲ.

ತಳಿ ಆರಿಸಿದರೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ಗಿಡಕ್ಕೆ ಕಟ್ಟಿರುವ ಚೀಟಿಯಲ್ಲಿ ಇನ್ನೊಂದು ಹೆಸರು ಇರುತ್ತೆ, ಅದು ಬೇರಿನ ಗಿಡದ್ದು. ಜನ ಅದನ್ನು ಓದುವುದೇ ಇಲ್ಲ. ನೆಮಗಾರ್ಡ್ ಅಂತಿದ್ದರೆ ಅದು ಪೀಚ್ ಬೇರು. ಮರಳು ಮಣ್ಣಿಗೆ ತುಂಬಾ ಒಳ್ಳೆಯದು, ಬೇರುಗಂಟು ಮಾಡುವ ಜಂತುಹುಳುವನ್ನು ತಡೆಯುತ್ತೆ. ಆದರೆ ನೀರು ನಿಲ್ಲುವ ಜೇಡಿಯಲ್ಲಿ ಸೋಲುತ್ತೆ. ಲೊವೆಲ್ ಕೂಡ ಪೀಚ್ ಬೇರೇ, ತೇವ ಸ್ವಲ್ಪ ಹೆಚ್ಚು ತಾಳುತ್ತೆ. ಜೇಡಿಗೆ ಅಂತ ಮರಿಯಾನಾ 2624 ಎಂಬ ಪ್ಲಮ್ ಬೇರು ಉಂಟು. ಅದು ಎಲ್ಲ ಬಾದಾಮಿಗೂ ಹೊಂದುವುದಿಲ್ಲ, ನಾನ್‌ಪರೆಲ್‌ಗಂತೂ ಇಲ್ಲ.

ಆದ್ದರಿಂದ ಗಿಡ ತರುವ ಮೊದಲು ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ. ಮಾರನೆಯ ದಿನವೂ ನೀರು ನಿಂತಿದ್ದರೆ ಒಂದು ಒಂದೂವರೆ ಅಡಿ ಎತ್ತರದ ಅಗಲವಾದ ಮಣ್ಣುದಿಬ್ಬ ಮಾಡಿ, ಅದರ ಮೇಲೆ ನೆಡಿ. ಗುಂಡಿಯೊಳಗೆ ಗೊಬ್ಬರ ಸುರಿಯಬೇಡಿ, ಎಳೆ ಬೇರು ಸುಡುತ್ತೆ. ತೆಗೆದ ಮಣ್ಣನ್ನೇ ವಾಪಸ್ ಹಾಕಿ. ಕಸಿ ಮಾಡಿದ ಗಂಟು ನೆಲದಿಂದ ಮೂರು ನಾಲ್ಕು ಇಂಚು ಮೇಲಿರಲಿ. ಅಂಗಡಿಯಲ್ಲಿ ದಪ್ಪ ಕಾಂಡದ ಗಿಡವೇ ಬೇಕು ಅಂತ ಹುಡುಕುವುದೂ ಬೇಡ. ಅರ್ಧ ಇಂಚು ದಪ್ಪದ್ದು ಸಾಕು, ಅದೇ ಬೇಗ ಚೇತರಿಸಿಕೊಳ್ಳುತ್ತೆ.

ಆಮೇಲೆ ಬರುತ್ತೆ ಮನೆಯವರೆಲ್ಲ ಬೇಡ ಬೇಡ ಅನ್ನುವ ಕೆಲಸ. ನೆಟ್ಟ ದಿನವೇ ಗಿಡದ ತಲೆಯನ್ನು ನೆಲದಿಂದ ಎರಡು ಎರಡೂವರೆ ಅಡಿಗೆ ಕತ್ತರಿಸಿ. ಅಗೆದು ತರುವಾಗ ಅರ್ಧ ಬೇರು ಹೋಗಿರುತ್ತೆ, ಉಳಿದ ಬೇರು ಅಷ್ಟೆತ್ತರದ ಗಿಡವನ್ನು ಸಾಕಲಾರದು. ತಲೆ ತೆಗೆದರೆ ಕೆಳಗಿನಿಂದಲೇ ಕೊಂಬೆ ಒಡೆಯುತ್ತೆ. ಅದರಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು ನಾಲ್ಕನ್ನು ಉಳಿಸಿಕೊಂಡರೆ ಮುಂದೆ ನೆಲದಲ್ಲೇ ನಿಂತು ಕಾಯಿ ಉದುರಿಸಬಹುದು. ಕಾಂಡಕ್ಕೆ ಬಿಳಿ ಲೇಟೆಕ್ಸ್ ಪೇಂಟ್ ಅರ್ಧ, ನೀರು ಅರ್ಧ ಬೆರೆಸಿ ಬಳಿಯಿರಿ. ಇಲ್ಲಿನ ಬೇಸಿಗೆ ಬಿಸಿಲಿಗೆ ಎಳೆ ತೊಗಟೆ ಸೀಳುತ್ತೆ, ಸೀಳಿದಲ್ಲಿ ಕೊರಕ ಹುಳು ಸೇರುತ್ತೆ.

ಮೂರನೆಯ ನಾಲ್ಕನೆಯ ವರ್ಷಕ್ಕೆ ಕಾಯಿ ಕಾಣುತ್ತೆ. ಒಳ್ಳೆಯ ಫಸಲಿಗೆ ಇನ್ನೆರಡು ಮೂರು ವರ್ಷ ಕಾಯಬೇಕು. ಪೀಚ್ ಮರ ಸವರಿ ಅಭ್ಯಾಸವಿರುವವರಿಗೆ ಒಂದು ಮಾತು. ಪೀಚ್ ಹಿಂದಿನ ವರ್ಷದ ಹೊಸ ಕಡ್ಡಿಯಲ್ಲಿ ಬಿಡುತ್ತೆ, ಅದಕ್ಕೇ ಅದನ್ನು ಜೋರಾಗಿ ಸವರುತ್ತಾರೆ. ಬಾದಾಮಿ ಹೆಚ್ಚಾಗಿ ಬಿಡುವುದು ಗಿಡ್ಡ ಗಿಡ್ಡ ಕಡ್ಡಿಗಳಲ್ಲಿ, ಒಂದೊಂದು ಕಡ್ಡಿಯೂ ಸುಮಾರು ಐದು ವರ್ಷ ಬಾಳುತ್ತೆ. ಅವನ್ನು ಕತ್ತರಿಸಿದರೆ ಫಸಲನ್ನೇ ಕತ್ತರಿಸಿದ ಹಾಗೆ. ಬೆಳೆದ ಮರಕ್ಕೆ ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಗೆ ಕತ್ತಲೆ ಮಾಡುವುದು, ಇಷ್ಟು ತೆಗೆದರೆ ಸಾಕು.

ಎರಡು ವರ್ಷದ ಹಿಂದೆ ಲಾನ್ ಮಧ್ಯೆ ಬಾದಾಮಿ ನೆಟ್ಟಿದ್ದೆವು. ಈ ಬೇಸಿಗೆಯಲ್ಲಿ ಎಲೆ ಹಳದಿಯಾಯಿತು. ಬುಡದಲ್ಲಿ ಜೇನುಬಣ್ಣದ ಅಂಟು ಬರುತ್ತಿದೆ. ನೀರು ದಿನಾ ಬೀಳುತ್ತಿದೆ, ಆದರೂ ಹೀಗೇಕೆ?
— ಒಬ್ಬ ಓದುಗರು, ಎಲ್ಕ್ ಗ್ರೋವ್

ದಿನಾ ಬೀಳುವ ನೀರೇ ತೊಂದರೆ. ಮೊದಲು ಅಂಟನ್ನು ಬೆರಳಲ್ಲಿ ಉಜ್ಜಿ ನೋಡಿ. ಮರದ ಹುಡಿ ಬೆರೆತಿದ್ದರೆ ಒಳಗೆ ಕೊರಕ ಹುಳು ಇದೆ. ಅಂಟು ಶುದ್ಧವಾಗಿದ್ದು, ಅದರ ಕೆಳಗಿನ ತೊಗಟೆ ಕಂದಾಗಿ ಮೆತ್ತಗಾಗಿದ್ದರೆ ಅದು ಬುಡ ಕೊಳೆ. ನೀವು ಬರೆದಿದ್ದು ನೋಡಿದರೆ ಎರಡನೆಯದೇ ಅನ್ನಿಸುತ್ತೆ. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆ ತರುವ ಫೈಟಾಫ್ತೊರ ಎಂಬ ರೋಗಾಣುವಿನ ಬಳಗವೇ ಇಲ್ಲಿ ಬಾದಾಮಿಯ ಬುಡ ತಿನ್ನುವುದು. ಬುಡ ಸದಾ ಒದ್ದೆಯಿದ್ದರೆ ಅದಕ್ಕೆ ಹಬ್ಬ.

ಇವತ್ತೇ ಆ ಸ್ಪ್ರಿಂಕ್ಲರ್ ತಲೆ ಮುಚ್ಚಿಸಿ. ಬುಡದ ಸುತ್ತ ಮೂರು ಅಡಿ ಹುಲ್ಲು ತೆಗೆಯಿರಿ. ಬುಡಕ್ಕೆ ಒತ್ತಿದ ಮಣ್ಣನ್ನೂ ಮರದ ಚಕ್ಕೆಯನ್ನೂ ಸರಿಸಿ, ಮೇಲಿನ ಬೇರು ಹೊರಡುವ ಜಾಗ ಗಾಳಿಗೆ ತೆರೆದಿರಲಿ. ಕೊಳೆ ಕಾಂಡದ ಅರ್ಧ ಸುತ್ತಿಗಿಂತ ಕಡಿಮೆ ಇದ್ದರೆ ಮರ ಉಳಿಯಬಹುದು. ಪೂರ್ತಿ ಸುತ್ತಿದ್ದರೆ ಅದನ್ನು ಕೀಳುವುದೇ ಒಳ್ಳೆಯದು. ಅದೇ ಗುಂಡಿಯಲ್ಲಿ ಇನ್ನೊಂದು ಬಾದಾಮಿ ನೆಡಬೇಡಿ, ದಯವಿಟ್ಟು.

ನೀರು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿನ ಸೆಂಟ್ರಲ್ ವ್ಯಾಲಿ ಕಣಿವೆಯ ಜುಲೈ ಬಿಸಿಲಲ್ಲಿ ದಿನಕ್ಕೆ ಸುಮಾರು ಕಾಲು ಇಂಚು ನೀರು ಖರ್ಚಾಗುತ್ತೆ. ಮರದ ನೆರಳು ಬೀಳುವ ಜಾಗ ನೂರು ಚದರ ಅಡಿ ಇದ್ದರೆ ಅದು ದಿನಕ್ಕೆ 15 ಗ್ಯಾಲನ್, ಅಂದರೆ 60 ಲೀಟರ್ ಹತ್ತಿರ ಬರುತ್ತೆ. ಅದನ್ನು ದಿನಾ ಚಿಮುಕಿಸಬೇಡಿ. ವಾರಕ್ಕೆ ಒಂದೆರಡು ಸಲ ನಿಧಾನವಾಗಿ, ಎರಡು ಅಡಿ ಆಳಕ್ಕೆ ಇಳಿಯುವ ಹಾಗೆ ಕೊಡಿ. ಡ್ರಿಪ್ ಪೈಪು ಬುಡದಿಂದ ದೂರ, ನೆರಳಿನ ಅಂಚಿಗೆ ಸುತ್ತಿರಲಿ. ಚಳಿಗಾಲದಲ್ಲಿ ಮಳೆ ಬಂದರೆ ಬೇರೆ ನೀರು ಬೇಕಿಲ್ಲ.

ಅಂಗಡಿಯಿಂದ ತಂದ ಬಾದಾಮಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಮೊಳಕೆ ಬಂತು! ಈಗ ಕುಂಡದಲ್ಲಿ ಒಂದು ಅಡಿ ಗಿಡ. ಸೈಟಿನಲ್ಲಿ ನೆಟ್ಟರೆ ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತೆ ಅಕ್ಕ? ಅಮೆರಿಕದಲ್ಲಿರುವ ತಂಗಿಯೂ ಹಾಗೇ ಮಾಡಿದಳು, ಅವಳದ್ದು ಕೊಳೆತೇ ಹೋಯಿತು.
— ಎಂ. ವಿ., ಬೆಂಗಳೂರು

ತಂಗಿಯ ವಿಷಯ ಮೊದಲು. ಅಮೆರಿಕದಲ್ಲಿ ಮಾರುವ ಕ್ಯಾಲಿಫೋರ್ನಿಯಾ ಬಾದಾಮಿಯನ್ನು 2007ರಿಂದ ಕಡ್ಡಾಯವಾಗಿ ಆವಿಯಲ್ಲೋ ಬೇರೆ ವಿಧಾನದಲ್ಲೋ ಪಾಶ್ಚರೀಕರಿಸುತ್ತಾರೆ. ಪೊಟ್ಟಣದ ಮೇಲೆ 'ರಾ' ಅಂತಿದ್ದರೂ ಅಷ್ಟೇ. ಅಂಥ ಬೀಜ ಮೊಳೆಯುವುದು ಕಷ್ಟ. ಅವರ ಕೈಗುಣದ ತಪ್ಪಲ್ಲ ಅಂತ ಹೇಳಿಬಿಡಿ.

ನಿಮ್ಮ ಗಿಡದ ಬಗ್ಗೆ ಬೇಸರದ ಉತ್ತರವನ್ನೇ ಕೊಡಬೇಕಾಗಿದೆ. ಅದು ಬೆಂಗಳೂರಿನಲ್ಲಿ ಎಲೆ ಬಿಡುತ್ತೆ, ಎತ್ತರವೂ ಆಗುತ್ತೆ. ಕಾಯಿಯ ಆಸೆ ಇಟ್ಟುಕೊಳ್ಳಬೇಡಿ. ಬಾದಾಮಿಯ ಹೂಮೊಗ್ಗು ಏಳಬೇಕಾದರೆ ಚಳಿಗಾಲ ಅದನ್ನು ಮಲಗಿಸಬೇಕು. ಚಳಿ ಲೆಕ್ಕ ಹಾಕುವುದು 7.2 ಡಿಗ್ರಿಯಿಂದ ಕೆಳಗೆ ಅಂದೆನಲ್ಲ, ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನೂರಾರು ಗಂಟೆಯ ಮಾತು ಹಾಗಿರಲಿ, ಒಂದು ಗಂಟೆಯೂ ಸಿಕ್ಕಿಲ್ಲ. ಈ ಮರದ ಮನೆ ಕಾಶ್ಮೀರ, ಕಿನ್ನೌರ್ ಕಡೆ. ಶ್ರೀನಗರದ ಹರಿ ಪರ್ವತದ ಬುಡದಲ್ಲಿರುವ ಬಾದಾಮ್‌ವಾರಿ ತೋಟಕ್ಕೆ ಮಾರ್ಚ್‌ನಲ್ಲಿ ಹೋದರೆ ಎಲೆಯೇ ಇಲ್ಲದ ಮರಗಳ ಮೈತುಂಬ ಹೂವಿರುತ್ತೆ. ಅಷ್ಟು ಚಳಿ ತಿಂದ ಮೇಲೆ ಬಂದ ಹೂವು ಅದು.

ಇನ್ನೊಂದು ವಿಷಯವೂ ಇದೆ. ಚಳಿಯಿರುವ ಊರಲ್ಲೂ ಬೀಜದಿಂದ ಬಂದ ಮರ ತಾಯಿಯ ಹಾಗೆ ಇರುತ್ತೆ ಅನ್ನುವಂತಿಲ್ಲ. ಕೆಲವು ಕಹಿ ಬಾದಾಮಿಯಾಗುತ್ತವೆ. ಕಹಿ ಬಾದಾಮಿ ಅಗಿದಾಗ ಅದರಲ್ಲಿರುವ ಅಮಿಗ್ಡಲಿನ್ ಒಡೆದು ಸಯನೈಡ್ ಹುಟ್ಟುತ್ತೆ. ಸಣ್ಣ ಮಕ್ಕಳಿಗೆ ಕೆಲವೇ ಬೀಜ ಸಾಕು ಅಪಾಯಕ್ಕೆ. ಬಾಯಿಗಿಟ್ಟಾಗ ಕಹಿ ಅನ್ನಿಸಿದ್ದನ್ನು ಉಗಿಯಬೇಕು, ನುಂಗಬಾರದು.

ಕುಂಡದ ಗಿಡ ಕಿತ್ತು ಹಾಕಿ ಅನ್ನುತ್ತಿಲ್ಲ. ಇಷ್ಟದಿಂದ ಬೆಳೆಸಿದ್ದೀರಿ, ಇರಲಿ. ಆದರೆ ಸೈಟಿನ ಬಿಸಿಲು ಬೀಳುವ ಮೂಲೆಯನ್ನು ಅದಕ್ಕೆ ಕೊಡಬೇಡಿ. ಅಲ್ಲಿ ಕಸಿ ಮಾಡಿದ ಬೆಣ್ಣೆಹಣ್ಣು ನೆಡಿ, ಸೀಬೆ ನೆಡಿ. ಬೆಂಗಳೂರಿನ ಹವಕ್ಕೆ ಅವು ಕೈ ತುಂಬ ಕೊಡುತ್ತವೆ. 'ಬೆಂಗಳೂರಿನಲ್ಲೂ ಬಿಡುವ ಬಾದಾಮಿ ಗಿಡ' ಅಂತ ಯಾರಾದರೂ ದುಡ್ಡು ಕೇಳಿದರೆ ಮುಂದೆ ನಡೆಯಿರಿ.

ನಮ್ಮ ಅಂಗಳದಲ್ಲಿ ದೊಡ್ಡ ನಾಡ ಬಾದಾಮಿ ಮರ ಉಂಟು. ಎಲೆ ಕೆಂಪಾಗಿ ಉದುರಿ ಹಂಚಿನ ಮೇಲೆಲ್ಲ ರಾಶಿ. ಕಾಯಿ ತಿನ್ನಬಹುದಾ? ಕಡಿಸುವುದಾ?
— ಒಬ್ಬ ಓದುಗರು, ಕುಂದಾಪುರ

ಕಡಿಸಬೇಡಿ! ಅದು ಬೇರೆಯೇ ಮರ. ಮೇಲೆ ಹೇಳಿದ ಬಾದಾಮಿ ಪೀಚಿನ ನೆಂಟ, ನಿಮ್ಮದು ಮತ್ತಿ ಮರದ ನೆಂಟ. ಕರಾವಳಿಯ ಉಪ್ಪುಗಾಳಿಗೆ, ಮರಳಿಗೆ ಹೇಳಿ ಮಾಡಿಸಿದ್ದು. ಹಣ್ಣಿನ ತಿರುಳು ಮಕ್ಕಳು ತಿನ್ನುತ್ತಾರೆ. ಒಳಗಿನ ಗೊರಟೆ ಒಣಗಿಸಿ ಕತ್ತಿಯಲ್ಲಿ ಒಡೆದರೆ ಸಣ್ಣ ಬೀಜ ಸಿಗುತ್ತೆ, ರುಚಿ ಬಾದಾಮಿಯದ್ದೇ. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಮಾತ್ರ ಯಾರೂ ತಿನ್ನಬಾರದು. ಹಂಚಿನ ಮೇಲೆ ಚಾಚಿದ ಕೊಂಬೆಗಳನ್ನು ಮಳೆಗಾಲಕ್ಕೆ ಮೊದಲು ತೆಗೆಸಿ. ಎಲೆಯನ್ನು ಸುಡದೆ ತೆಂಗಿನ ಬುಡಕ್ಕೆ ಹಾಕಿ. ಹೊಸದಾಗಿ ನೆಡುವವರು ಮನೆಯಿಂದಲೂ ಬಾವಿಯಿಂದಲೂ ಮೂವತ್ತು ಅಡಿಯಾದರೂ ದೂರ ನೆಡಿ, ಕೊಂಬೆ ಅಂತಸ್ತು ಅಂತಸ್ತಾಗಿ ಅಷ್ಟು ಅಗಲ ಹೋಗುತ್ತೆ.

ಹೋದ ವಸಂತದಲ್ಲಿ ಬಾದಾಮಿ ಎಲೆಯಲ್ಲೆಲ್ಲ ಚುಕ್ಕೆ, ಆಮೇಲೆ ಚರೆ ಹೊಡೆದ ಹಾಗೆ ತೂತು. ಈ ಸಲ ಹೂ ಬಿಟ್ಟಾಗಲೇ ಔಷಧಿ ಹೊಡೆದುಬಿಡಲಾ? ಪಕ್ಕದ ಬೀದಿಯಲ್ಲಿ ಕಹಿ ಬಾದಾಮಿ ಮರವೂ ಇದೆ. ಅದರ ಪರಾಗ ಬಂದು ನಮ್ಮದೂ ಕಹಿಯಾಗುತ್ತಾ?
— ಜಿ. ಎನ್., ಫಾಲ್ಸಮ್

ಕಹಿಯಾಗುವುದಿಲ್ಲ. ತಿರುಳಿನ ಕಹಿ ಸಿಹಿ ತೀರ್ಮಾನವಾಗುವುದು ತಾಯಿ ಮರದಿಂದ, ಪರಾಗದಿಂದಲ್ಲ. ಆ ಬೀಜ ನೆಟ್ಟು ಬೆಳೆಸಿದರೆ ಮುಂದಿನ ಮರದಲ್ಲಿ ಕಹಿ ಬರಬಹುದು, ಅಷ್ಟೇ.

ಎಲೆಯ ತೂತು ಒಂದು ಶಿಲೀಂಧ್ರದ್ದು, ಮಳೆಹನಿಯಲ್ಲಿ ಹರಡುತ್ತೆ. ಅದಕ್ಕೆ ಮದ್ದು ನಮ್ಮ ಊರಿನವರಿಗೆಲ್ಲ ಗೊತ್ತಿರುವುದೇ. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ, ಇಲ್ಲವೇ ಅಂಗಡಿಯಲ್ಲಿ ಸಿಗುವ ತಾಮ್ರದ ಔಷಧಿ. ಅಪ್ಪ ಮಳೆಗಾಲಕ್ಕೆ ಮೊದಲು ಅಡಿಕೆಗೆ ಹೊಡೆಸುತ್ತಿದ್ದರು. ಇಲ್ಲಿ ನಾನು ನವೆಂಬರ್ ಡಿಸೆಂಬರ್‌ನಲ್ಲಿ, ಎಲೆ ಉದುರಿದ ಮೇಲೆ ಹೊಡೆಯುತ್ತೇನೆ. ನಿಮ್ಮ ಮರ ಈಗ ಬೋಳಾಗಿದ್ದರೆ ಮಳೆಯಿಲ್ಲದ ದಿನ ನೋಡಿ ಈಗಲೇ ಹೊಡೆಯಿರಿ. ಸ್ಪ್ರಿಂಕ್ಲರ್ ನೀರು ಎಲೆಗೆ ತಾಗದ ಹಾಗೆಯೂ ನೋಡಿಕೊಳ್ಳಿ.

ಹೂವಿನ ಮೇಲೆ ಕೀಟನಾಶಕ ಬೇಡವೇ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಆಲ್-ಇನ್-ಒನ್‌ನಂಥ ಮರಕ್ಕೂ ಪರಾಗ ಚೆನ್ನಾಗಿ ಹರಡಬೇಕಾದರೆ ಜೇನುನೊಣ ಬೇಕು. ಫೆಬ್ರವರಿಯಲ್ಲಿ ಈ ದೇಶದ ವಾಣಿಜ್ಯ ಜೇನುಪೆಟ್ಟಿಗೆಗಳಲ್ಲಿ ಹೆಚ್ಚಿನವು ಲಾರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರುತ್ತವೆ. ಎಕರೆಗೆ ಸುಮಾರು ಎರಡು ಪೆಟ್ಟಿಗೆಯಂತೆ ತೋಟಗಳಲ್ಲಿ ಇಡುತ್ತಾರೆ. ಬೆಳೆಗಾರರು ಬಾಡಿಗೆ ಕೊಟ್ಟು ತರಿಸುವ ಜೇನು ನಿಮ್ಮ ಹಿತ್ತಿಲಿಗೆ ತಾನಾಗಿ ಬರುತ್ತೆ. ಅದಕ್ಕೆ ವಿಷ ಹೊಡೆಯುವುದು ಯಾವ ನ್ಯಾಯ? 13 ಡಿಗ್ರಿಗಿಂತ ಚಳಿಯಿದ್ದರೆ ಅವು ಗೂಡು ಬಿಟ್ಟು ಬರುವುದೇ ಕಡಿಮೆ, ಮಳೆ ಬಂದರೆ ಆ ದಿನವೂ ಹೋಯಿತು. ಇರುವುದೇ ಎರಡು ಮೂರು ವಾರ ಹೂವು. ಅಷ್ಟು ದಿನ ಮರವನ್ನು ಅವುಗಳ ಪಾಡಿಗೆ ಬಿಟ್ಟುಬಿಡಿ.

ಒಡೆದು ನೋಡಿದರೆ ಅರ್ಧಕ್ಕರ್ಧ ಬಾದಾಮಿಯಲ್ಲಿ ಹುಳ. ಉಳಿದದ್ದು ಅಳಿಲಿನ ಪಾಲು. ಕೆಲವು ಕಪ್ಪಾಗಿ ಮರದಲ್ಲೇ ಅಂಟಿಕೊಂಡಿವೆ. ಏನು ಮಾಡಲಿ?
— ಪಿ. ಕೆ., ಫ್ರೆಸ್ನೊ

ಕಪ್ಪಾಗಿ ಅಂಟಿಕೊಂಡಿರುವ ಆ ಕಾಯಿಗಳಲ್ಲೇ ನಿಮ್ಮ ಮುಂದಿನ ವರ್ಷದ ಹುಳ ಮಲಗಿದೆ. ನೇವಲ್ ಆರೆಂಜ್‌ವರ್ಮ್ ಅಂತ ಅದರ ಹೆಸರು. ಒಣಗಿ ಉಳಿದ ಕಾಯಿಯಲ್ಲಿ ಚಳಿಗಾಲ ಕಳೆದು, ಬೇಸಿಗೆಯಲ್ಲಿ ಹೊಸ ಕಾಯಿಯ ಸಿಪ್ಪೆ ಬಿರಿದಾಗ ಅದರ ಚಿಟ್ಟೆ ಅಲ್ಲಿ ಮೊಟ್ಟೆಯಿಡುತ್ತೆ. ಫೆಬ್ರವರಿ ಒಂದರೊಳಗೆ ಉದ್ದ ಗಳದಿಂದ ಒಂದೂ ಬಿಡದೆ ಹೊಡೆದು ಬೀಳಿಸಿ. ಬಿದ್ದದ್ದನ್ನೂ ಆರಿಸಿ ಕಸದ ಡಬ್ಬಿಗೆ ಹಾಕಿ, ಬುಡದಲ್ಲಿ ಬಿಡಬೇಡಿ. ಮನೆ ಮರಕ್ಕೆ ಇದಕ್ಕಿಂತ ದೊಡ್ಡ ಔಷಧಿ ಇಲ್ಲ. ಅಕ್ಕಪಕ್ಕದಲ್ಲಿ ಬಾದಾಮಿ ಇದ್ದರೆ ಅವರಿಗೂ ಹೇಳಿ.

ಎರಡನೆಯದು, ಕೊಯ್ಲು ತಡ ಮಾಡಬೇಡಿ. ಸಿಪ್ಪೆ ಬಿರಿಯುವುದು ಮರದ ತುದಿಯಿಂದ ಶುರುವಾಗಿ ಕೆಳಗೆ, ಒಳಗೆ ಬರುತ್ತೆ. ಒಳಗಿನ ಕೊಂಬೆಯವು ಬಿರಿದವೆಂದರೆ ಕೊಯ್ಲಿನ ಹೊತ್ತಾಯಿತು. ನಾನ್‌ಪರೆಲ್ ಆದರೆ ಆಗಸ್ಟ್, ಆಲ್-ಇನ್-ಒನ್ ಸೆಪ್ಟೆಂಬರ್ ಕೊನೆ. ಕೆಳಗೆ ಟಾರ್ಪಾಲ್ ಹಾಸಿ ಕೊಂಬೆಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಬಿದ್ದದ್ದನ್ನು ಅಲ್ಲೇ ಬಿಟ್ಟರೆ ಇರುವೆ ಚಿಪ್ಪಿನ ಸಂದಿಯಿಂದ ಹೊಕ್ಕು ತಿರುಳನ್ನು ಟೊಳ್ಳು ಮಾಡುತ್ತೆ. ಸಿಪ್ಪೆ ಬಿಡಿಸಿ, ಚಿಪ್ಪಿನ ಸಮೇತ ತೆಳ್ಳಗೆ ಹರಡಿ ಒಣಗಿಸಿ. ಒಂದನ್ನು ಒಡೆದು ತಿರುಳು ಮುರಿಯಿರಿ. ಬಾಗಿದರೆ ಇನ್ನೂ ಒಣಗಬೇಕು, ಟಕ್ ಅಂದರೆ ಆಯಿತು. ಆಮೇಲೆ ಕೆಲವು ದಿನ ಡೀಪ್ ಫ್ರೀಜರ್‌ನಲ್ಲಿಟ್ಟರೆ ಒಳಗೆ ಉಳಿದ ಹುಳು ಮೊಟ್ಟೆ ಸಾಯುತ್ತವೆ.

ಅಳಿಲಿಗೆ ಪೂರ್ತಿ ಪರಿಹಾರ ಇಲ್ಲ. ತೆಳು ಚಿಪ್ಪಿನ ತಳಿಗಳಿಗೆ ಅದರ ಕಾಟ ಜಾಸ್ತಿ. ಬೇಲಿಯಿಂದ, ಮಾಡಿನಿಂದ ಜಿಗಿಯಲು ಆಗದಷ್ಟು ದೂರಕ್ಕೆ ಕೊಂಬೆ ಸವರಿಸಿ. ಕಾಂಡಕ್ಕೆ ನಯವಾದ ತಗಡಿನ ಪಟ್ಟಿ ಸಡಿಲವಾಗಿ ಸುತ್ತಿ. ಒಂದಷ್ಟನ್ನು ನೀವೇ ಮೊದಲು ತಿನ್ನಬಹುದು. ಏಪ್ರಿಲ್‌ನಲ್ಲಿ ಚಿಪ್ಪು ಗಟ್ಟಿಯಾಗುವ ಮೊದಲು ಹಸಿರು ಕಾಯಿಯನ್ನು ಇರಾನಿನವರು ಉಪ್ಪು ಹಚ್ಚಿ ಇಡಿಯಾಗಿ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಉಪ್ಪಿನ ಜೊತೆ ಖಾರದಪುಡಿಯೂ ಬೀಳುತ್ತೆ. ಸಿಹಿ ತಳಿ ಅಂತ ಗೊತ್ತಿರುವ ಮರದ್ದು ಮಾತ್ರ ಹೀಗೆ ತಿನ್ನಿ.

ಎಡಿಸನ್‌ನಲ್ಲಿದ್ದೇವೆ. ನಮ್ಮಲ್ಲಿ ಚಳಿಗೇನೂ ಕಡಿಮೆಯಿಲ್ಲ. ಬಾದಾಮಿ ಬೆಳೆಯಬಹುದಲ್ಲ?
— ಒಬ್ಬ ಓದುಗರು, ನ್ಯೂಜೆರ್ಸಿ

ಮರ ಚಳಿ ತಡೆಯುತ್ತೆ. ಹೂವು ತಡೆಯುವುದಿಲ್ಲ. ಬಾದಾಮಿ ಹಣ್ಣಿನ ಮರಗಳಲ್ಲೆಲ್ಲ ಮೊದಲು ಅರಳುವ ಜಾತಿ. ಅರಳಿದಾಗ ಮೈನಸ್ 2 ಡಿಗ್ರಿ ದಾಟಿದರೆ ಪಿಂದೆ ಸಾಯಲು ಶುರು. ನಿಮ್ಮಲ್ಲಿ ಬೇಸಿಗೆಯ ಮಳೆ, ಸೆಕೆಯೂ ಸೇರಿ ಕೊಳೆ ಹಿಡಿಯುತ್ತೆ. ಪೀಚ್ ನೆಡಿ. ನ್ಯೂಜೆರ್ಸಿ ಪೀಚ್‌ಗೆ ಹೆಸರಾದ ಊರು, ಹೂವೂ ಹೆಚ್ಚುಕಡಿಮೆ ಅದೇ ಅಂದ.

ಅಡಿಲೇಡ್‌ಗೆ ಬಂದು ಎರಡು ವರ್ಷ. ಬಾದಾಮಿ ನೆಡಲು ಇದು ಸರಿಯಾದ ಕಾಲವಾ?
— ಕೆ. ಎಲ್., ದಕ್ಷಿಣ ಆಸ್ಟ್ರೇಲಿಯಾ

ಊರು ಸರಿ, ಕಾಲ ಸರಿಯಲ್ಲ. ನಿಮಗೆ ಈಗ ನಡು ಬೇಸಿಗೆ. ಬರೀ ಬೇರಿನ ಗಿಡ ಬರುವುದು ಜೂನ್, ಜುಲೈನಲ್ಲಿ. ಜುಲೈ ಕೊನೆಗೆ ನಿಮ್ಮ ಹತ್ತಿರದ ವಿಲ್ಲುಂಗಾದಲ್ಲಿ ಬಾದಾಮಿ ಹೂವಿನ ಹಬ್ಬ ಇರುತ್ತೆ. ನೋಡಿ ಬನ್ನಿ, ಅಲ್ಲಿನ ಬೆಳೆಗಾರರನ್ನು ನಿಮ್ಮ ಮಣ್ಣಿನ ಬಗ್ಗೆ ಕೇಳಿ. ಆಲ್-ಇನ್-ಒನ್ ನಿಮ್ಮಲ್ಲೂ ಸಿಗುತ್ತೆ. ನೀರು ಇಂಗುವ ಪರೀಕ್ಷೆಯನ್ನು ಈಗಲೇ ಮಾಡಿಟ್ಟುಕೊಳ್ಳಬಹುದು. ನಿಮಗೆ ಅಳಿಲಿನ ಕಾಟವಿಲ್ಲ, ಬದಲಿಗೆ ಗಿಳಿ, ಕಾಕಟೂ ಉಂಟು. ಅವು ಎಳೆ ಕಾಯಿಯನ್ನೂ ಬಿಡುವುದಿಲ್ಲ. ಮರ ಬಲೆ ಹೊದಿಸುವಷ್ಟು ಎತ್ತರಕ್ಕೇ ನಿಲ್ಲಲಿ. ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆ ತನ್ನಿ, ದೊಡ್ಡ ಕಣ್ಣಿನದ್ದರಲ್ಲಿ ಹಕ್ಕಿ, ಬಾವಲಿ ಸಿಕ್ಕಿಕೊಂಡು ಸಾಯುತ್ತವೆ.